ಮಗುವಿನ ಸಾ ಎಲ್ಲಿದೆ?

"ಹುಡುಗ ಶಾಸ್ತ್ರೀಯ ಕಲಿಯಾಕ ಹತ್ಯಾನ್ರೀ, ಯಾವ ಪಿಯಾನೊ ಕೊಡಿಸಿದ್ರ ಛಲೋ?" ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಪಾಲಕರಿಂದ ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಗುವಿಗೆ ಒಳ್ಳೆಯದನ್ನೇ ಕೊಡಿಸಬೇಕೆಂಬ ಆಸೆ ಅದರೊಳಗಿದೆ. ಹಾಗಾಗಿ ಯಾವುದೋ ಕಂಪನಿಯ ಹೆಸರು ಹೇಳಿ ಮಾತು ಮುಗಿಸಲು ನನಗೆ ಮನಸ್ಸಾಗುವುದಿಲ್ಲ.

ಮಗು ಪಾಶ್ಚಾತ್ಯ ಶಾಸ್ತ್ರೀಯ ಕಲಿಯುತ್ತಿದ್ದರೆ ಉತ್ತರ ಸುಲಭ. 88 ಮನೆಗಳಿರುವ (ಕೀಗಳಿರುವ), ಒತ್ತಿದರೆ ಬೆರಳಿಗೆ ಭಾರ ತಿಳಿಯುವ ಡಿಜಿಟಲ್ ಪಿಯಾನೊ ಕೊಡಿಸಿ. ಹಗುರ ಮನೆಗಳ ಸಣ್ಣ ಕೀಬೋರ್ಡಿನಲ್ಲಿ ಬೆರಳಿಗೆ ಬಲವೂ ಬರುವುದಿಲ್ಲ, ನಯವೂ ಬರುವುದಿಲ್ಲ. ಆದರೆ ನಮ್ಮ ಭಾಗದ ಬಹುಪಾಲು ಮಕ್ಕಳು ಕಲಿಯುವುದು ಹಿಂದೂಸ್ತಾನಿ ಗಾಯನ. ಅವರ ವಾದ್ಯ ಗಂಟಲು. ಉಳಿದದ್ದೆಲ್ಲ ಅದಕ್ಕೆ ಜೊತೆ. ಹಾಡುವ ಮಗುವಿಗೆ ಪಿಯಾನೊ ಎಷ್ಟು ಜೊತೆಯಾದೀತು? ಅದರ ನಾದ ಹುಟ್ಟಿದ ಗಳಿಗೆಯಿಂದಲೇ ಆರತೊಡಗುತ್ತದೆ. ಗಂಟಲು ಷಡ್ಜವನ್ನು ಹಿಡಿದು ನಿಲ್ಲಿಸಬೇಕು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕು.

ಇಲ್ಲಿಯವರು ನಿಜವಾಗಿ ನಂಬಿಕೊಂಡು ಬಂದದ್ದು ಪೇಟಿಯನ್ನು, ಅಂದರೆ ಹಾರ್ಮೋನಿಯಮ್ಮನ್ನು. ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರರಿಲ್ಲದೆ ಪರದೆ ಏಳುತ್ತಿರಲಿಲ್ಲ. ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಬಳಿಕ ಪುಟ್ಟರಾಜ ಗವಾಯಿಗಳೂ ಎಷ್ಟೋ ಅಂಧ ಮಕ್ಕಳ ಕೈಗೆ ಸಂಗೀತದ ಬದುಕು ಕೊಟ್ಟರು. ಸ್ವತಃ ದೃಷ್ಟಿಯಿಲ್ಲದ ಪುಟ್ಟರಾಜರು ಗಾಯನದ ಜೊತೆಗೆ ಹಾರ್ಮೋನಿಯಂ ಸೇರಿ ಹಲವು ವಾದ್ಯಗಳನ್ನು ನುಡಿಸುತ್ತಿದ್ದರು.

ಈ ಪೇಟಿ ಪರದೇಶದ್ದು. ಪ್ಯಾರಿಸ್ಸಿನಲ್ಲಿ 1842ರಲ್ಲಿ ಪೇಟೆಂಟ್ ಪಡೆದ ವಾದ್ಯವನ್ನು ಕಾಲಿನಿಂದ ಒತ್ತಬೇಕಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿ ಒತ್ತುವಂತೆ ಮಾಡಿದರು. ನಮ್ಮ ದೇಶ ಅಪ್ಪಿಕೊಂಡ ಇದೇ ವಾದ್ಯವನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತು. ನಿಷೇಧ ಸಡಿಲಾಗಲು 1971 ಬರಬೇಕಾಯಿತು. ಆಕ್ಷೇಪ ಇದ್ದದ್ದು ಎರಡು: ಪೇಟಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ, ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದರಿಂದ ಸ್ವರಗಳು ಸಹಜ ಸ್ಥಾನದಲ್ಲಿಲ್ಲ.

ಎರಡನೆಯದನ್ನು ಕಿವಿಯೇ ಪರೀಕ್ಷಿಸಬಹುದು. ಚೆನ್ನಾಗಿ ಶ್ರುತಿಯಾದ ತಂಬೂರಿಯ ಖರ್ಜದ (ಮಂದ್ರ ಷಡ್ಜದ) ತಂತಿ ಮೀಟಿ ಸುಮ್ಮನೆ ಕೂತರೆ, ಯಾರೂ ನುಡಿಸದ ಗಂಧಾರವೊಂದು ಅದರೊಳಗಿಂದ ಕೇಳುತ್ತದೆ. ಪೇಟಿಯ ಶುದ್ಧ ಗಂಧಾರ ಅದಕ್ಕಿಂತ ತುಸು ಏರು. ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಸುಮಾರು 14 ಪಾಲು. ಕೀಬೋರ್ಡಿನಲ್ಲೂ ಅಷ್ಟೇ. ಬೆಲೆ ಹತ್ತು ಪಟ್ಟು ಏರಿದರೂ ಈ 14 ಪಾಲು ಇಳಿಯುವುದಿಲ್ಲ.

ಬೆಳಗಾವಿಯ ರಾಮಭಾವು ಬಿಜಾಪುರೆಯಂಥ ವಾದಕರು ಪೇಟಿಯ ಮಿತಿಯನ್ನು ಬಲ್ಲವರಾಗಿದ್ದರು. ಎಲ್ಲಿ ಗಾಯಕನ ಹಿಂದೆ ಸರಿಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಅವರಿಗೆ ಗೊತ್ತಿತ್ತು. ಎಂಟು ವರ್ಷದ ಮಗುವಿಗೆ ಅದು ತಿಳಿಯದು. ಪ್ರತಿ ಸ್ವರಕ್ಕೂ ಮನೆ ಒತ್ತಿಕೊಂಡೇ ಹಾಡಿದರೆ ಬೆರಳು ದಾರಿ ತೋರಿಸುತ್ತದೆ, ಕಿವಿ ಹಿಂದೆ ಉಳಿಯುತ್ತದೆ. ಪೇಟಿ ನಿಲ್ಲಿಸಿದ ಕೂಡಲೇ ಸ್ವರ ಜಾರುವ ಮಕ್ಕಳನ್ನು ನೋಡಿದಾಗ ಸಂಕಟವಾಗುತ್ತದೆ. ದನಿಯಲ್ಲಿ ಕೊರತೆಯಿಲ್ಲ, ತಾನಾಗಿ ಹುಡುಕುವ ಅವಕಾಶವೇ ಅವರಿಗೆ ಸಿಕ್ಕಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು. ಮೊದಲು ತಂಬೂರಿಯ ನಾದ ಮನೆಗೆ ಬರಲಿ. ಮೀರಜಿನ ತಂಬೂರಿ ಕೈಗೆಟುಕದಿದ್ದರೆ ಎಲೆಕ್ಟ್ರಾನಿಕ್ ತಂಬೂರಿ, ಅದೂ ಬೇಡವಾದರೆ ಮೊಬೈಲಿನದು, ಒಳ್ಳೆಯ ಸ್ಪೀಕರಿನಲ್ಲಿ. ಆಮೇಲೆ ಸಾದಾ ಪೇಟಿ. ಕೊಳ್ಳುವಾಗ ತಿದಿ ತುಂಬಿ, ಯಾವ ಮನೆಯನ್ನೂ ಒತ್ತದೆ ನೋಡಿ: ಗಾಳಿ ಬೇಗ ಇಳಿಯಬಾರದು. ಒಂದೊಂದೇ ಮನೆ ಒತ್ತಿ ಕೇಳಿ. ನಮ್ಮ ಬಿಸಿಲು, ಧೂಳಿನಲ್ಲಿ ರೀಡು ಕಟ್ಟಿಕೊಳ್ಳುವುದು ಬೇಗ, ಬಟ್ಟೆ ಮುಚ್ಚಿಡುವ ರೂಢಿ ಮೊದಲ ದಿನದಿಂದಲೇ ಇರಲಿ. ಮಗು ಆಲಾಪ ತೆಗೆಯುವಾಗ ಪೇಟಿ ಸುಮ್ಮನಿರಲಿ. ಹಾಡಿ ಮುಗಿಸಿದ ಮೇಲೆ ಎಲ್ಲಿ ನಿಂತೆ ಎಂದು ನೋಡಲಿಕ್ಕೆ ಒಂದು ಮನೆ ಒತ್ತಿದರೆ ಸಾಕು.

ಅಂಗಡಿಗೆ ಹೋಗುವ ಮುಂಚೆ ಇನ್ನೊಂದು ಕೆಲಸವಿದೆ. ಮಗುವಿನ ಸಾ, ಅಂದರೆ ಅದರ ಗಂಟಲಿಗೆ ಒಗ್ಗುವ ಆಧಾರ ಷಡ್ಜ, ಎಲ್ಲಿದೆ ಎಂದು ಗುರುಗಳ ಎದುರು ಗೊತ್ತುಮಾಡಿಕೊಳ್ಳಿ. ಗುರುಗಳು ಕರಿ ಒಂದರಲ್ಲಿ (ಪೇಟಿಯ ಮೊದಲ ಕರಿ ಮನೆಯನ್ನು ಸಾ ಮಾಡಿಕೊಂಡು) ಹಾಡಿದರೆ ಮಗುವಿಗೆ ಕರಿ ನಾಲ್ಕು ಹಿತವಾಗಿರಬಹುದು. ತರಗತಿಯ ತುಂಬ ಮಕ್ಕಳು ಗುರುವಿನ ಪಟ್ಟಿಯಲ್ಲೇ ಗಂಟಲು ಇಳಿಸಿ ಹಾಡುವುದನ್ನು ಕಂಡಾಗಲೆಲ್ಲ ನನಗೆ ಇದೇ ಚಿಂತೆ. ಹುಡುಗನಾದರೆ ಹದಿಮೂರು ಹದಿನಾಲ್ಕರ ಹೊತ್ತಿಗೆ ಗಂಟಲು ಒಡೆದು ಸಾ ಕೆಳಗಿಳಿಯುತ್ತದೆ. ಆಗ ಹೊಸ ವಾದ್ಯ ಕೊಳ್ಳಬೇಕಿಲ್ಲ. ಅದೇ ಪೇಟಿಯಲ್ಲಿ ಬೇರೊಂದು ಮನೆಯಿಂದ ಹಾಡಲು ಶುರುಮಾಡಿದರಾಯಿತು.