ಸಂದನ್ನು ಅಲಂಕರಿಸುವುದರ ಕುರಿತು

ಎರಡನ್ನು ಕೂಡಿಸಿ ಒಂದು ಮಾಡಿದಲ್ಲಿ ನಡುವೆ ಸಂದು ಉಳಿಯುವುದು. ಆ ಸಂದನ್ನು ಮರೆಮಾಡುವುದು ಯುಕ್ತವೋ, ಕಾಣುವಂತೆ ಬಿಡುವುದು ಯುಕ್ತವೋ? ಇದು ಬಡಗಿಯ ಪ್ರಶ್ನೆ ಮಾತ್ರವಲ್ಲ. ಸಭೆಗೆ ಸೇರಿದವರೆಲ್ಲರ ಪ್ರಶ್ನೆಯೂ ಆಗಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯವರಾದ ನಮಗೆ ಮರಗೆಲಸವು ಹೊಸದಲ್ಲ. ಚನ್ನಪಟ್ಟಣದ ಕೆಲಸಗಾರರು ಆಲೆಮರದ ತುಂಡನ್ನು ಯಂತ್ರದಲ್ಲಿ ತಿರುಗಿಸುತ್ತಾ ಬಣ್ಣದ ಅರಗನ್ನು ಅದಕ್ಕೆ ಒತ್ತುವರು; ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. 19ನೆಯ ಶತಮಾನದಲ್ಲಿ ಆ ಊರು ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿಗೂ ಹೆಸರಾಗಿತ್ತು. ಗೊಂಬೆಯ ಬಣ್ಣವು ನೋಡುವವರ ಕಣ್ಣಿಗಾಗಿಯೇ ಇರುವುದು. ಆದರೆ ನೋಡುವವರಿಗೆ ಕಾಣದ ಕಡೆಯಲ್ಲಿ ಮಾಡುವ ಅಲಂಕಾರವೂ ಒಂದುಂಟು.

ಕೈಯಿಂದ ಮಾಡಿದ ಗಿಟಾರಿನ ಬೆನ್ನನ್ನು ನೋಡಿರಿ. ನಮ್ಮ ಪಶ್ಚಿಮ ಘಟ್ಟಗಳ ಬೀಟೆಮರವನ್ನು ಇದಕ್ಕಾಗಿ ದೂರದೇಶದವರೂ ಬಯಸುತ್ತಾರೆ. ಒಂದೇ ದಿಮ್ಮಿಯಿಂದ ಕೊಯ್ದ ಎರಡು ತೆಳು ಹಲಗೆಗಳನ್ನು ಪುಸ್ತಕದ ಹಾಳೆಗಳಂತೆ ತೆರೆದು, ಅಂಚುಗಳನ್ನು ನೇರವಾಗಿ ಹತ್ತರಿಹೊಡೆದು, ಸರೇಸಿನಿಂದ ಕೂಡಿಸುವರು. ಬಳಿಕ ಅನೇಕರು ಆ ಸಂದಿನ ಉದ್ದಕ್ಕೂ ಬಣ್ಣಬಣ್ಣದ ಮರದ ಚೂರುಗಳಿಂದಾದ ಕಿರಿದಾದ ಪಟ್ಟಿಯನ್ನು ಕೂರಿಸುವರು. ನುಡಿಸುವಾಗ ಅದು ನುಡಿಸುವವನ ಎದೆಗೆ ಒರಗಿರುವುದು. ಕೇಳುವವರು ಅದನ್ನು ಕಾಣರು.

ಇದು ವ್ಯರ್ಥಾಡಂಬರವಲ್ಲವೇ ಎಂದು ಕೆಲವರು ಕೇಳಬಹುದು. ಹೊಗಳಿಕೆಗಾಗಿ ಮಾಡಿದ ಅಲಂಕಾರವು ಮುಂದುಗಡೆಯನ್ನೇ ಹುಡುಕುವುದು. ಬೆನ್ನಿನ ಪಟ್ಟಿಯಾದರೋ ಹೆಚ್ಚಿನ ಹೊಗಳಿಕೆಯನ್ನು ಪಡೆಯಲಾರದು. ಅದು ಹೇಳುವುದಿಷ್ಟೇ: ಇಲ್ಲಿ ಎರಡು ಹಲಗೆಗಳು ಕೂಡಿವೆ, ಇದಕ್ಕಾಗಿ ನಾಚಿಕೆಪಡಬೇಕಾದದ್ದಿಲ್ಲ. ವಿಮೋಚನಕಾಂಡದ 28ನೆಯ ಅಧ್ಯಾಯದಲ್ಲಿಯೂ ಇಂಥದೊಂದನ್ನು ಓದುತ್ತೇವೆ. ಮಹಾಯಾಜಕನ ಏಫೋದನ್ನು ಕೂಡಿಸುವ ಹೆಗಲಪಟ್ಟಿಗಳ ಮೇಲೆಯೇ ಇಸ್ರಾಯೇಲನ ಮಕ್ಕಳ ಹೆಸರುಗಳನ್ನು ಕೆತ್ತಿದ ಎರಡು ರತ್ನಗಳನ್ನು ಇಡಬೇಕೆಂದು ಅಪ್ಪಣೆಯಾಯಿತು.

ಆದರೂ ಒಂದು ಎಚ್ಚರಿಕೆಯುಂಟು. ಅಂದದ ಪಟ್ಟಿಯು ಸಂದನ್ನು ಹಿಡಿದಿಡುವಂಥದಲ್ಲ. ಹಿಡಿದಿಡುವುದು ಸರೇಸು; ಅದಕ್ಕೆ ಬಲವಾಗಿ ಪೆಟ್ಟಿಗೆಯ ಒಳಗಡೆ ಸಂದಿನ ಮೇಲೆ ಅಂಟಿಸಿದ ಇನ್ನೊಂದು ತೆಳುಪಟ್ಟಿ. ಆ ಒಳಪಟ್ಟಿಯ ಎಳೆಗಳು ಹಲಗೆಯ ಎಳೆಗಳಿಗೆ ಅಡ್ಡವಾಗಿರುವವು. ಯಾಕಂದರೆ ಮರವು ತನ್ನ ಎಳೆಯ ಉದ್ದಕ್ಕೇ ಸೀಳುವುದು. ಅಡ್ಡ ಬಂದ ಎಳೆಯೇ ಅದನ್ನು ತಡೆಯುವುದು.

ಪ್ರಿಯ ವಾಚಕರೇ, ನಮ್ಮ ಸಭೆಯೂ ಕೂಡಿಸಲ್ಪಟ್ಟದ್ದೇ. 1947ನೆಯ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಸಭೆಗಳೂ, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಮೊದಲೇ ಸೇರಿದ್ದ ದಕ್ಷಿಣ ಇಂಡಿಯಾ ಐಕ್ಯ ಸಭೆಯೂ ಕೂಡಿ ದಕ್ಷಿಣ ಇಂಡಿಯಾ ಸಭೆಯಾಯಿತು. ಹಳ್ಳಿಗಳಲ್ಲಿ ಇದಕ್ಕಿಂತ ಕಠಿಣವಾದ ಸಂದುಂಟು: ಬೇರೆ ಬೇರೆ ಕೇರಿಗಳಿಂದ, ಕುಲಗಳಿಂದ ಬಂದವರು ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುವುದು. ನಮ್ಮಲ್ಲಿ ಭೇದವೇ ಇರಲಿಲ್ಲವೆಂದು ಹೇಳುವುದು ಸಂದನ್ನು ಮರೆಮಾಡಿದಂತೆ. ಐಕ್ಯದ ಹಬ್ಬದಲ್ಲಿ ತೋರಣ ಕಟ್ಟಿ, ಮದುವೆಯ ಊಟದಲ್ಲಿ ಬೇರೆ ಪಂಕ್ತಿ ಹಾಕಿದರೆ, ಅದು ಸರೇಸಿಲ್ಲದ ಹಲಗೆಗಳ ಮೇಲೆ ಅಂದದ ಪಟ್ಟಿಯನ್ನು ಕೂರಿಸಿದಂತೆ. ಒಣಹವೆ ಬೀಸಿದಾಗ ಅದು ಬಾಯಿಬಿಡುವುದು.

ಹಾಗಾದರೆ ಮಾಡತಕ್ಕದ್ದೇನು? ಒಳಪಟ್ಟಿಯನ್ನು ಮೊದಲು ಹಾಕೋಣ. ರೂಢಿಯು ನಮ್ಮನ್ನು ಯಾವ ಕಡೆಗೆ ಸೀಳುವುದೋ ಅದಕ್ಕೆ ಅಡ್ಡವಾಗಿ ಪ್ರೀತಿಯನ್ನು ಇಡೋಣ: ಇನ್ನೊಂದು ಕೇರಿಯವರ ಮನೆಯಲ್ಲಿ ಉಣ್ಣುವುದರಲ್ಲಿ, ಅವರ ಶವಕ್ಕೆ ಹೆಗಲು ಕೊಡುವುದರಲ್ಲಿ, ಹೆಣ್ಣು ಗಂಡು ಕೊಟ್ಟು ತರುವುದರಲ್ಲಿ. ಇದು ಯಾರಿಗೂ ಕಾಣದ ಕೆಲಸ. ಇದಾದ ಬಳಿಕ, ನಾವು ಇಂಥಿಂಥವರು ಕೂಡಿದೆವೆಂದು ಸಂದನ್ನು ಸಂತೋಷದಿಂದ ಅಲಂಕರಿಸೋಣ. ಕೂಡಿಸಿದಾತನಿಗೆ ಅದರಿಂದ ಮಹಿಮೆಯುಂಟಾಗಲಿ.