ಉಲ್ಲೇಖವೆಂಬ ಋಣ

ಒಬ್ಬನು ತಾನು ಬರೆದ ಪ್ರಬಂಧದಲ್ಲಿ ಪೂರ್ವಿಕನ ಹೆಸರನ್ನು ಹೇಳುವುದು ಏತಕ್ಕಾಗಿ? ಮಲ್ಲಿನಾಥಸೂರಿಯು ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನವನ್ನು ರಚಿಸುವಾಗ ಸಾಧಾರಣವಾದ ಪದದ ಅರ್ಥಕ್ಕೂ ಅಮರನನ್ನೋ ವಿಶ್ವನನ್ನೋ ಹೆಸರಿಸುವನು. ಋಷಿಋಣವು ಅಧ್ಯಯನದಿಂದ ತೀರತಕ್ಕದ್ದೆಂದು ಹಿಂದಿನವರು ನಂಬಿದ್ದರಷ್ಟೆ. ಉಲ್ಲೇಖವೆಂಬುದು ಆ ಋಣದ ಒಪ್ಪಿಗೆಪತ್ರ.

ಈ ಋಣದ ಲೆಕ್ಕವು ಎಷ್ಟು ಸುಲಭವಾಗಿ ತಪ್ಪುವುದೆಂಬುದಕ್ಕೆ ಪ್ಲಾಸ್ಟಿಕ್ ಸರ್ಜರಿಯೆಂಬ ಶಸ್ತ್ರವೈದ್ಯಶಾಖೆಯ ಚರಿತ್ರೆಯೇ ನಿದರ್ಶನವಾಗಿದೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯು ಒಂದು ಕಾಗದವನ್ನು ಅಚ್ಚುಮಾಡಿತು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠನು ಟೀಪುವಿನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದೂ, ಪುಣೆಯ ಬಳಿಯ ಇಟ್ಟಿಗೆ ಮಾಡುವ ಕುಲದವನೊಬ್ಬನು ಆತನಿಗೆ ಮೂಗನ್ನು ಮಾಡಿಕೊಟ್ಟನೆಂದೂ ಅದರ ವೃತ್ತಾಂತ. ಮೇಣದಿಂದ ಮೂಗಿನ ಆಕಾರವನ್ನು ಮಾಡಿ, ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆಯೆಳೆದು, ಆ ಅಳತೆಗೆ ಚರ್ಮವನ್ನು ಬಿಡಿಸಿ, ಕಣ್ಣುಗಳ ನಡುವಣ ಬುಡವನ್ನು ಮಾತ್ರ ಕಡಿಯದೆ ಕೆಳಕ್ಕೆ ತಿರುಗಿಸಿ ಕೂರಿಸಿದುದು ಅವನ ಕ್ರಮ. ಕಾಗದ ಬರೆದವನ ಹೆಸರಿನ ಮೊದಲಕ್ಷರಗಳು ಅಚ್ಚಾದುವು. ಕಣ್ಣಾರೆ ಕಂಡ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರುಗಳೂ ಅಚ್ಚಾದುವು. ಕತ್ತಿ ಹಿಡಿದವನ ಹೆಸರನ್ನು ಕೇಳಿ ಬರೆಯುವುದು ಯಾರಿಗೂ ತೋರಲಿಲ್ಲ. ಲಂಡನ್ನಿನ ಕಾರ್ಪ್ಯೂ ಎಂಬ ವೈದ್ಯನು 1814ರಲ್ಲಿ ಇದೇ ಕ್ರಮವನ್ನು ಅನುಸರಿಸಿ, 1816ರ ತನ್ನ ಗ್ರಂಥದಲ್ಲಿ ವಿದ್ಯೆಯು ಭಾರತದಿಂದ ಬಂದುದೆಂದು ಮುಚ್ಚುಮರೆಯಿಲ್ಲದೆ ಹೇಳಿದನು. ಅದು ಸಜ್ಜನನ ಲಕ್ಷಣ. ಆದರೂ ಹೆಸರಿಲ್ಲದವನಿಗೆ ಸಲ್ಲುವ ಋಣವು ದೇಶದ ಲೆಕ್ಕಕ್ಕೆ ಜಮೆಯಾಯಿತು!

ಈಗಿನ ಕಷ್ಟವು ಬೇರೆ ತೆರನಾದುದು. 1955ರಲ್ಲಿ ಅಮೇರಿಕದ ಯೂಜೀನ್ ಗಾರ್ಫೀಲ್ಡ್ ಎಂಬವರು ಉಲ್ಲೇಖಗಳ ಸೂಚಿಯೊಂದನ್ನು ಕಲ್ಪಿಸಿದರು. ಒಂದು ಲೇಖನವನ್ನು ಮುಂದೆ ಯಾರು ಒಪ್ಪಿದರು, ಯಾರು ಖಂಡಿಸಿದರು ಎಂದು ಓದುಗನು ಅರಿಯಲೆಂಬುದು ಅದರ ಸದುದ್ದೇಶ. ಅದರಿಂದಲೇ 'ಇಂಪ್ಯಾಕ್ಟ್ ಫ್ಯಾಕ್ಟರ್' ಹುಟ್ಟಿತು: ಪತ್ರಿಕೆಯ ಹಿಂದಿನ ಎರಡು ವರ್ಷಗಳ ಬರಹಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಎರಡು ವರ್ಷಗಳ ಲೇಖನಸಂಖ್ಯೆಯಿಂದ ಭಾಗಿಸಿದ ಅಂಕ. ಋಣಪತ್ರವು ಹೀಗೆ ನಾಣ್ಯವಾಯಿತು. ನಾಣ್ಯವಾದ ಮೇಲೆ ಕಳ್ಳಟಂಕಸಾಲೆ ತಪ್ಪುವುದೇ? ತಮ್ಮ ಪತ್ರಿಕೆಯ ಲೇಖನಗಳನ್ನೇ ಉಲ್ಲೇಖಿಸಿರೆಂದು ಲೇಖಕರನ್ನು ನಿರ್ಬಂಧಿಸುವ ಸಂಪಾದಕರೂ ಉಂಟಾದರು. (ಸ್ವಪತ್ರಿಕೋಲ್ಲೇಖವೆಲ್ಲವೂ ಪಾಪವೆನ್ನಲಾಗದು. ಶಾಖೆಯು ಚಿಕ್ಕದಾದರೆ ಪತ್ರಿಕೆಗಳೂ ಕೆಲವೇ; ಒಂದೇ ಬಾವಿಯ ಊರಿನಲ್ಲಿ ಎಲ್ಲರೂ ಅಲ್ಲಿಯೇ ಸೇದಬೇಕಷ್ಟೆ.) ಖಂಡನೆಗಾಗಿ ಹೇಳಿದ ಹೆಸರೂ ಗೌರವದಿಂದ ಹೇಳಿದ ಹೆಸರೂ ಈ ಗಣಿತದಲ್ಲಿ ಒಂದೇ.

ಆದರೆ ಇವೆಲ್ಲಕ್ಕಿಂತ ಆ ಎರಡು ವರ್ಷಗಳ ಗಡುವೇ ಹೆಚ್ಚು ವಿಚಾರಾರ್ಹವಾದುದು. ಸೀಳುತುಟಿಯ ಶಿಶುವಿಗೆ ಮಾಡಿದ ಶಸ್ತ್ರಕ್ರಿಯೆಯ ಗುಣದೋಷಗಳು ಆ ಮಗು ಬೆಳೆದು, ಮುಖದ ಎಲುಬು ಬಲಿತ ಮೇಲೆಯೇ ಪೂರ್ತಿಯಾಗಿ ತಿಳಿಯತಕ್ಕವು. ಅಷ್ಟು ಕಾಲ ಕಾದು ಬರೆದ ಲೇಖನವನ್ನು ಇತರರು ಓದಿ, ತಮ್ಮ ರೋಗಿಗಳಲ್ಲಿ ಪರೀಕ್ಷಿಸಿ ಉಲ್ಲೇಖಿಸುವಷ್ಟರಲ್ಲಿ ಗಡುವು ಕಳೆದಿರುವುದು. ಇದರಿಂದ ಅಂಕವು ಇಳಿದೀತೆಂದು ಸಂಪಾದಕನು ಅಂಥ ಲೇಖನವನ್ನು ಹಿಂದಕ್ಕೆ ಕಳುಹಿಸಿದರೆ, ಅದರ ನಷ್ಟವು ಇನ್ನು ಹುಟ್ಟಬೇಕಾದ ಸೀಳುತುಟಿಯ ಮಕ್ಕಳಿಗೆ.