ನೋಟದಲ್ಲಿ ನೋಡುವವನ ಪಾಲು

ಪ್ರತಿವರ್ಷವೂ ಜ್ಯೇಷ್ಠಮಾಸದಲ್ಲಿ ಚಿಕ್ಕೋಡಿ ಪ್ರಾಂತದ ನಮ್ಮ ಅಂಕಲಿಯ ಶಿತೋಳೆ ಸರಕಾರರ ವಾಡೆಯಿಂದ ಎರಡು ಕುದುರೆಗಳು ಆಳಂದಿಗೆ ಪ್ರಯಾಣ ಬೆಳೆಸುವುದು ಈ ಭಾಗದ ಸಜ್ಜನರಿಗೆಲ್ಲ ಸುವಿದಿತವಾದ ಸಂಗತಿಯಾಗಿದೆ. ಕೃಷ್ಣೆಯ ತೀರದಿಂದ ಹೊರಟು, ಸಾಂಗಲಿ ಸಾತಾರೆಗಳ ಸೀಮೆಯನ್ನು ಹಾಯ್ದು, ಸುಮಾರು 300 ಕಿಲೋಮೀಟರುಗಳ ದಾರಿಯನ್ನು ನಡೆದೇ ಕ್ರಮಿಸಿ, ಜ್ಯೇಷ್ಠ ಕೃಷ್ಣ ಅಷ್ಟಮಿಯಂದು ಹೊರಡುವ ಜ್ಞಾನೇಶ್ವರ ಮಹಾರಾಜರ ಪಾದುಕೆಗಳ ಪಾಲಖಿಯನ್ನು ಅವು ಸೇರಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಪಂಢರಪುರದವರೆಗೆ ಪಾಲಖಿಯ ಮುಂದೆ ನಡೆಯುವ ಮಾನ ಅವುಗಳದೇ. ಆಷಾಢ ಶುದ್ಧ ಏಕಾದಶಿಯ ದಿನ, ಎಂದರೆ ನಮ್ಮವರು ತಪ್ತಮುದ್ರಾಧಾರಣೆಗಾಗಿ ಮಠಗಳ ಮುಂದೆ ಸಾಲುಗಟ್ಟಿ ನಿಲ್ಲುವ ದಿನ, ಆ ಯಾತ್ರೆ ವಿಠ್ಠಲನ ಸನ್ನಿಧಿಯಲ್ಲಿ ಪೂರ್ಣವಾಗುತ್ತದೆ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಹೈಬತರಾವ್ ಬಾಬಾ ಅರಫಳಕರರು ಈ ಪಾಲಖಿಗೆ ಇಂದಿನ ಶಿಸ್ತನ್ನು ತಂದಾಗ ಕುದುರೆಗಳ ಸೇವೆಯು ಅಂಕಲಿಯ ಮನೆತನಕ್ಕೆ ಬಂದಿತು. ಕನ್ನಡದ ನೆಲದಲ್ಲಿ ಬೆಳೆದ ಕುದುರೆಯು ಮರಾಠಿ ಸಂತರ ಪಾದುಕೆಗಳ ಮುಂದೆ ನಡೆಯುತ್ತಿರುವುದನ್ನು ಗಡಿಯ ಕಲಹಕಾರರು ಆಗಾಗ ನೆನೆಯುವುದೊಳ್ಳೆಯದು. ಸಿದ್ಧಾಂತದಲ್ಲಿ ನಮಗೂ ಆ ಸಂಪ್ರದಾಯಕ್ಕೂ ಇರುವ ಅಂತರವು ಇಲ್ಲಿ ಪ್ರಕೃತವಲ್ಲ.

ಈ ಎರಡು ಕುದುರೆಗಳಲ್ಲಿ ಒಂದರ ಮೇಲೆ ಪತಾಕೆಯನ್ನು ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಬೆನ್ನ ಮೇಲೆ ಯಾರೂ ಇರುವುದಿಲ್ಲ. ಅದು ‘ಮಾವುಲಿಯ ಕುದುರೆ’. ಮಾವುಲಿ ಎಂದರೆ ತಾಯಿ, ಎಂದರೆ ಜ್ಞಾನೇಶ್ವರರು. ದಾರಿಯಲ್ಲಿ ಕೆಲವು ನಿಯತ ಸ್ಥಳಗಳಲ್ಲಿ ‘ರಿಂಗಣ’ವೆಂಬ ಉತ್ಸವ ನಡೆಯುತ್ತದೆ. ಸಹಸ್ರಾವಧಿ ವಾರಕರಿಗಳು ಬಯಲಿನಲ್ಲಿ ವರ್ತುಲಾಕಾರವಾಗಿ ನಿಲ್ಲುತ್ತಾರೆ. ಮೊದಲು ಸವಾರನ ಕುದುರೆ, ಅದರ ಬೆನ್ನಿಗೆ ಬರಿಯ ಜೀನಿನ ಕುದುರೆ, ಎರಡೂ ಆ ಮಂಡಲದಲ್ಲಿ ವೇಗದಿಂದ ಓಡುತ್ತವೆ. ಕೆಲವೇ ನಿಮಿಷಗಳ ಆಟ. ಕುದುರೆ ಓಡಿಹೋದೊಡನೆಯೇ ಜನರು ಬಾಗಿ ಅದರ ಗೊರಸಿನ ಧೂಳನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಕುದುರೆಯ ಓಟವನ್ನು ಮಾತ್ರವೇ ನೋಡಬೇಕೆಂದರೆ ಅದಕ್ಕಿಂತ ಭರದ ಓಟಗಳು ಪಟ್ಟಣದ ಪಂದ್ಯಗಳಲ್ಲಿ ಬೇಕಾದಷ್ಟಿವೆ. ಆದರೆ ಇಲ್ಲಿ ಎಲ್ಲರ ದೃಷ್ಟಿಯೂ ನೆಟ್ಟಿರುವುದು ಏನೂ ಇಲ್ಲದ ಒಂದು ಸ್ಥಳದಲ್ಲಿ, ಆ ಬರಿಯ ಜೀನಿನಲ್ಲಿ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ನಮ್ಮ ಮನೆಗಳಲ್ಲಿ ಬಹುಕಾಲದಿಂದ ಒಂದು ವಾದ ನಡೆದುಬಂದಿದೆ. ಹಿರಿಯರು ಚಲಚ್ಚಿತ್ರ, ದೂರದರ್ಶನಗಳನ್ನು ಕಾಲಹರಣವೆಂದೂ ಮನೋವಿಕಾರಕ್ಕೆ ಹೇತುವೆಂದೂ ಆಕ್ಷೇಪಿಸುತ್ತಾರೆ. ಕಿರಿಯರು, ‘ನೀವೂ ಪಟದ ಮುಂದೆ ಕೈಮುಗಿಯುತ್ತೀರಿ, ಉತ್ಸವದ ಅಲಂಕಾರವನ್ನು ಕಣ್ತುಂಬ ನೋಡುತ್ತೀರಿ, ನಮ್ಮ ನೋಟಕ್ಕೂ ನಿಮ್ಮ ನೋಟಕ್ಕೂ ಏನು ಭೇದ?’ ಎಂದು ಕೇಳುತ್ತಾರೆ. ಕಿರಿಯರ ಪ್ರಶ್ನೆ ಉದ್ಧಟತನದ್ದಲ್ಲ. ಅದಕ್ಕೆ ಗದರಿಕೆಯ ಉತ್ತರ ಸಾಲದು.

ಪ್ರಾಚೀನ ಆಲಂಕಾರಿಕರು ಇದೇ ಪ್ರಶ್ನೆಯನ್ನು ನಾಟ್ಯದ ಪ್ರಸಂಗದಲ್ಲಿ ಎತ್ತಿಕೊಂಡಿದ್ದರು. ರಂಗದ ಮೇಲೆ ನಟನನ್ನು ಕಂಡು ಪ್ರೇಕ್ಷಕನು ‘ಇವನು ರಾಮ’ ಎಂದು ತಿಳಿಯುತ್ತಾನಲ್ಲ, ಅದು ಎಂತಹ ಜ್ಞಾನ? ಶ್ರೀಶಂಕುಕನು ಇದಕ್ಕೆ ಚಿತ್ರತುರಗದ ದೃಷ್ಟಾಂತವನ್ನು ಕೊಟ್ಟನು. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ‘ಇದು ಕುದುರೆ’ ಎನ್ನುತ್ತೇವೆ. ಅದು ಯಥಾರ್ಥಜ್ಞಾನವಲ್ಲ, ಏಕೆಂದರೆ ಅದರ ಮೇಲೆ ಏರಲು ಯಾರೂ ಹೋಗುವುದಿಲ್ಲ. ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಕೇವಲ ಸಾದೃಶ್ಯಜ್ಞಾನವೂ ಅಲ್ಲ. ಇವೆಲ್ಲಕ್ಕಿಂತ ವಿಲಕ್ಷಣವಾದ ಒಂದು ಪ್ರತೀತಿಯಿದೆ ಎಂದು ಅವನ ಮತ. ಅಭಿನವಗುಪ್ತನೂ ಅವನ ಗುರುವಾದ ಭಟ್ಟತೌತನೂ ಈ ಮತವನ್ನು ಖಂಡಿಸಿದರೆಂಬುದು ನಿಜವಾದರೂ ದೃಷ್ಟಾಂತವು ಮಾತ್ರ ಇಂದಿಗೂ ಅಳಿಯದೆ ಉಳಿದಿದೆ. ಆ ಕುದುರೆಯನ್ನು ಕುದುರೆಯಾಗಿಸುವುದರಲ್ಲಿ ಬಣ್ಣಕ್ಕಿರುವಷ್ಟೇ ಪಾಲು ನೋಡುವವನಿಗೂ ಇದೆ.

ಈ ಪಾಲು ಎಷ್ಟು ದೊಡ್ಡದೆಂಬುದಕ್ಕೆ ಭಾರತೀಯ ಚಲಚ್ಚಿತ್ರದ ಜನ್ಮಕಥೆಯೇ ಸಾಕ್ಷಿ. ದಾದಾಸಾಹೇಬ ಫಾಳಕೆಯವರು 1910ರ ಸುಮಾರಿಗೆ ಮುಂಬಯಿಯಲ್ಲಿ ಏಸುಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವೊಂದನ್ನು ನೋಡಿದರು. ಕಣ್ಣ ಮುಂದೆ ಕ್ರಿಸ್ತನ ಚರಿತ್ರೆ ಸಾಗುತ್ತಿದ್ದಾಗ ತಮ್ಮ ಮನಸ್ಸು ಶ್ರೀಕೃಷ್ಣನನ್ನೂ ಶ್ರೀರಾಮನನ್ನೂ, ಗೋಕುಲ ಅಯೋಧ್ಯೆಗಳನ್ನೂ ಕಾಣುತ್ತಿತ್ತೆಂದು ಅವರೇ 1917ರಲ್ಲಿ ‘ನವಯುಗ’ವೆಂಬ ಮರಾಠಿ ಪತ್ರಿಕೆಯಲ್ಲಿ ಬರೆದರು. ತೆರೆಯ ಮೇಲೆ ಇದ್ದದ್ದೊಂದು, ಅವರು ಕಂಡದ್ದು ಮತ್ತೊಂದು. ಆ ಕಾಣ್ಕೆಯಿಂದಲೇ 1913ರ ಮೇ 3ರಂದು ‘ರಾಜಾ ಹರಿಶ್ಚಂದ್ರ’ ಜನರ ಮುಂದೆ ಬಂದಿತು. ಅವರದೇ ‘ಲಂಕಾದಹನ’ದಲ್ಲಿ (1917) ಅಣ್ಣಾ ಸಾಳುಂಕೆ ಎಂಬ ಒಬ್ಬನೇ ನಟನು ರಾಮನಾಗಿಯೂ ಸೀತೆಯಾಗಿಯೂ ಅಭಿನಯಿಸಿದನು. ಹಿಂದೆ ಮುಂಬಯಿಯ ಉಪಾಹಾರಗೃಹವೊಂದರಲ್ಲಿ ಅಡಿಗೆಯ ಕೆಲಸದಲ್ಲಿದ್ದವನು ಅವನು. ಆದರೂ ತೆರೆಯ ಮೇಲೆ ರಾಮನು ಮೂಡಿದಾಗ ಜನರು ನಮಸ್ಕರಿಸುತ್ತಿದ್ದರೆಂದು ಹೇಳುತ್ತಾರೆ. ಅವರೇನು ಮೂಢರೇ? ಅಡಿಗೆಯವನನ್ನು ರಾಮನೆಂದು ಅವರು ಭ್ರಮಿಸಲಿಲ್ಲ. ತಮ್ಮಲ್ಲಿ ಮೊದಲೇ ಇದ್ದ ರಾಮನಿಗೆ ಅಲ್ಲೊಂದು ಆಸನ ದೊರೆಯಿತು, ಅಷ್ಟೆ.

ನಮ್ಮ ನೆರೆಯ ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿ ಆಮೇಲೆ ಪುಣೆಗೆ ಹೋದ ಪ್ರಭಾತ ಸಂಸ್ಥೆಯವರು 1936ರಲ್ಲಿ ‘ಸಂತ ತುಕಾರಾಮ’ವನ್ನು ತೆಗೆದರು. ವಿಷ್ಣುಪಂತ ಪಾಗನೀಸರ ತುಕಾರಾಮನು ಜನಮನದಲ್ಲಿ ಎಷ್ಟು ಬೇರೂರಿದನೆಂದರೆ ಮುಂದೆ ಮನೆಮನೆಯ ಪಟಗಳಲ್ಲಿಯೂ ತುಕಾರಾಮನಿಗೆ ಅವರ ಮುಖಚ್ಛಾಯೆಯೇ ಬಂದಿತು. ಕನ್ನಡದಲ್ಲಿ 1966ರ ‘ಮಂತ್ರಾಲಯ ಮಹಾತ್ಮೆ’ಯನ್ನು ನಮ್ಮ ಹಿರಿಯರಲ್ಲಿ ಅನೇಕರು ಬಲ್ಲರು, ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ಮನೆಗಳವರೂ ರಾಜಕುಮಾರರನ್ನು ಶ್ರೀರಾಘವೇಂದ್ರಸ್ವಾಮಿಗಳ ವೇಷದಲ್ಲಿ ನೋಡಲು ಹೋದರು. ಜಿ. ವಿ. ಅಯ್ಯರ್ ಅವರು 1986ರಲ್ಲಿ ‘ಮಧ್ವಾಚಾರ್ಯ’ವನ್ನು ತೆಗೆದರು, ಅದರ ಸಂಗೀತಕ್ಕಾಗಿ ಬಾಲಮುರಳೀಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ಲಭಿಸಿತು. ಮರುವರ್ಷ, 1987ರ ಜನವರಿ 25ರಿಂದ, ದೂರದರ್ಶನದಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ಆರಂಭವಾಯಿತು. ಭಾನುವಾರದ ಬೆಳಿಗ್ಗೆ ಬೀದಿಗಳು ನಿರ್ಜನವಾಗುತ್ತಿದ್ದವು. ಸ್ನಾನ ಮಾಡಿ, ಪೆಟ್ಟಿಗೆಗೆ ಹೂಮಾಲೆ ಹಾಕಿ, ಊದುಬತ್ತಿ ಹಚ್ಚಿ ಕುಳಿತವರುಂಟು. ಆಗ ಪತ್ರಿಕೆಗಳಲ್ಲಿ ಅದನ್ನು ಹಾಸ್ಯ ಮಾಡಿದವರೂ ಇದ್ದರು. ಆ ಹಾಸ್ಯದಲ್ಲಿ ವಿವೇಕಕ್ಕಿಂತ ಜಂಬವೇ ಹೆಚ್ಚಿತ್ತೆಂದು ನನ್ನ ಅಭಿಪ್ರಾಯ.

ಏಕೆಂದರೆ ನಮ್ಮ ಶಾಸ್ತ್ರದಲ್ಲಿ ಪ್ರತೀಕದ ವಿಚಾರವು ಸ್ಪಷ್ಟವಾಗಿದೆ. ಪ್ರತೀಕವನ್ನೇ ಬ್ರಹ್ಮವೆಂದು ಉಪಾಸಿಸಬಾರದು. ಪ್ರತೀಕದಲ್ಲಿ ಸನ್ನಿಹಿತನಾದ ಭಗವಂತನನ್ನು ಉಪಾಸಿಸಬೇಕು. ಪ್ರತಿಮೆಯು ಅಧಿಷ್ಠಾನ ಮಾತ್ರ. ಪ್ರತಿಷ್ಠಿತವಾದ ಪ್ರತಿಮೆಗೂ ಬೆಳಕಿನ ಚಿತ್ರಕ್ಕೂ ಇರುವ ಅಂತರ ಅಳೆಯಲಾರದಷ್ಟಿದೆ, ಸಂದೇಹವಿಲ್ಲ. ಆದರೆ ಅಧಿಷ್ಠಾನವನ್ನು ಅಧಿಷ್ಠಿತನೆಂದು ತಿಳಿಯಬಾರದೆಂಬ ಎಚ್ಚರ ಎರಡೂ ಕಡೆ ಒಂದೇ. ಗರ್ಭಗುಡಿಯ ಮುಂದೆ ನಿಂತು ಸ್ವಾಮಿಯ ಕಿರೀಟದ ತೂಕವನ್ನೇ ಲೆಕ್ಕ ಹಾಕುವವನೂ ಒಬ್ಬ ಪ್ರೇಕ್ಷಕನೇ.

ಇನ್ನು, ತೆರೆಯ ಮೇಲಿನ ಕಥೆಯನ್ನು ನೋಡಿ ಸುರಿಸುವ ಕಣ್ಣೀರು ಸುಳ್ಳೇ? ಇಲ್ಲಿ ಆಚಾರ್ಯರ ಸ್ವಪ್ನವಿಚಾರವು ದಾರಿ ತೋರಿಸುತ್ತದೆ. ಸ್ವಪ್ನದಲ್ಲಿ ಕಂಡ ಆನೆ ಕುದುರೆಗಳು ಮಿಥ್ಯೆಯಲ್ಲ. ಜೀವನ ಮನಸ್ಸಿನಲ್ಲಿರುವ ಸಂಸ್ಕಾರಗಳನ್ನೇ ಉಪಾದಾನವಾಗಿ ಮಾಡಿಕೊಂಡು ಭಗವಂತನು ಅವುಗಳನ್ನು ಸೃಷ್ಟಿಸಿ ತೋರಿಸುತ್ತಾನೆ. ಅವುಗಳನ್ನು ಜಾಗ್ರದವಸ್ಥೆಯ ಬಾಹ್ಯವಸ್ತುಗಳೆಂದು ತಿಳಿಯುವುದಷ್ಟೇ ಭ್ರಮೆ. ಇದೇ ನ್ಯಾಯವನ್ನು ಪ್ರೇಕ್ಷಣಕ್ಕೆ ಅನ್ವಯಿಸಿದರೆ ಆ ಕಣ್ಣೀರು ಸತ್ಯ, ಆ ಕನಿಕರವೂ ಸತ್ಯ. ‘ಅತ್ತೆನಾದ್ದರಿಂದ ನಾನು ದಯಾಳು, ರೋಮಾಂಚನವಾಯಿತಾದ್ದರಿಂದ ನಾನು ಭಕ್ತ’ ಎಂದು ತಿಳಿಯುವಲ್ಲಿ ಭ್ರಮೆ ಹುಟ್ಟುತ್ತದೆ. ತಾರಾಮತಿಯ ದುಃಖಕ್ಕೆ ಅತ್ತು ಹೊರಗೆ ಬಂದವನು ತನ್ನ ಮನೆಯ ಕೆಲಸದವಳ ಕಷ್ಟವನ್ನು ಕೇಳದೆ ಹೋಗಬಹುದು; ಆದರೂ ಅವನಿಗೆ ತನ್ನ ಹೃದಯ ಮೃದುವೆಂಬ ತೃಪ್ತಿ ಇರುತ್ತದೆ. ನಾಲ್ಕನೆಯ ಶತಮಾನದಲ್ಲಿ ಕಾರ್ಥೇಜ್ ನಗರದಲ್ಲಿ ಯೌವನವನ್ನು ಕಳೆದ ಕ್ರೈಸ್ತ ಸಂತ ಅಗಸ್ಟೀನನು ತನ್ನ ಆತ್ಮಕಥೆಯಲ್ಲಿ ಇದನ್ನೇ ಕೇಳಿಕೊಂಡಿದ್ದಾನೆ: ದುಃಖಿತನಿಗೆ ನೆರವಾಗಬೇಕಾದ ಪ್ರಸಂಗವೇ ಇಲ್ಲದ ನಾಟಕದಲ್ಲಿ ಕನಿಕರಕ್ಕೆ ಅರ್ಥವೇನು?

ಪ್ರಶ್ನೆ ತೀಕ್ಷ್ಣವಾಗಿದೆ, ಆದರೆ ಪೂರ್ಣವಲ್ಲ. ಬಾಲಕ ಮೋಹನದಾಸ ಗಾಂಧಿಯು ಸಂಚಾರಿ ಪ್ರದರ್ಶಕರು ತೋರಿಸಿದ ಚಿತ್ರಗಳಲ್ಲಿ, ಕುರುಡರಾದ ತಂದೆತಾಯಿಗಳನ್ನು ಕಾವಡಿಯಲ್ಲಿ ಹೊತ್ತ ಶ್ರವಣಕುಮಾರನನ್ನು ನೋಡಿದನು. ಆ ಬಳಿಕ ನಾಟಕ ಮಂಡಳಿಯೊಂದರ ಹರಿಶ್ಚಂದ್ರ ನಾಟಕವನ್ನು ನೋಡಿದನು. ಎಷ್ಟು ಸಲ ನೋಡಿದರೂ ಅವನಿಗೆ ಸಾಲುತ್ತಿರಲಿಲ್ಲ. ಆದರೆ ಎಷ್ಟು ಸಲ ಹೋಗಲು ಮನೆಯವರು ಬಿಟ್ಟಾರು? ಆದ್ದರಿಂದ ತನ್ನೊಳಗೇ ಆ ನಾಟಕವನ್ನು ಅಸಂಖ್ಯ ಸಲ ಆಡಿಕೊಂಡನೆಂದು ಆತ್ಮಕಥೆಯಲ್ಲಿ ಹೇಳುತ್ತಾರೆ. ಎಲ್ಲರೂ ಹರಿಶ್ಚಂದ್ರನಂತೆ ಏಕಿರಬಾರದೆಂದು ಹಗಲಿರುಳು ಯೋಚಿಸಿದರಂತೆ. ಅವರು ಅತ್ತ ಕಣ್ಣೀರು ಎಲ್ಲಿಗೆ ಮುಟ್ಟಿತೆಂಬುದು ಲೋಕಕ್ಕೆ ಗೊತ್ತಿದೆ. ಅಂದೇ ಆ ನಾಟಕವು ಬಯಸಿದಾಗಲೆಲ್ಲ ಅಂಗೈಯಲ್ಲಿ ದೊರೆಯುವಂತಿದ್ದರೆ, ಅದು ಮುಗಿದ ಕೂಡಲೇ ಇನ್ನೊಂದು ತಾನಾಗಿಯೇ ಆರಂಭವಾಗುವಂತಿದ್ದರೆ, ಬಾಲಕನು ಅದನ್ನು ಒಳಗೆ ಆಡಿಕೊಳ್ಳುತ್ತಿದ್ದನೇ? ನನಗೆ ಸಂದೇಹ.

ಕಾಣದಿರುವ ಕಾಲವೂ ನೋಟದ ಒಂದು ಅಂಗವೆಂಬುದನ್ನು ನಮ್ಮ ದೇವಾಲಯಗಳು ಚೆನ್ನಾಗಿ ಬಲ್ಲವು. ನೈವೇದ್ಯದ ಸಮಯದಲ್ಲಿ ತೆರೆ ಎಳೆಯುತ್ತಾರೆ. ಒಳಗೆ ಘಂಟಾನಾದ, ಹೊರಗೆ ಕಾಯುವ ಜನ. ಚಿಕ್ಕ ಮಕ್ಕಳು ಕೂಡ ಆಗ ತೆರೆಯನ್ನೇ ನೋಡುತ್ತಿರುತ್ತಾರೆ. ತೆರೆ ಸರಿದು ಮಂಗಳಾರತಿಯ ಬೆಳಕು ಬಿದ್ದಾಗ ಕಾಣುವ ಮೂರ್ತಿ ಅರ್ಧಗಂಟೆಯ ಹಿಂದೆ ಕಂಡದ್ದೇ ಆದರೂ ಕಣ್ಣು ಬೇರೆಯಾಗಿರುತ್ತದೆ. ಉಡುಪಿಯಲ್ಲಿ ಶ್ರೀಕೃಷ್ಣನನ್ನು ನೋಡುವುದು ಒಂಬತ್ತು ರಂಧ್ರಗಳ ನವಗ್ರಹಕಿಂಡಿಯ ಮೂಲಕ. ಎಷ್ಟೋ ದೂರದಿಂದ ಬಂದವನಿಗೂ ಅಷ್ಟೇ, ಆ ಚಿಕ್ಕ ಕಿಂಡಿ. ತಲೆಯನ್ನು ಬಾಗಿಸಿ, ಹಿಂದಿನವರ ನೂಕುನುಗ್ಗಲಿನ ನಡುವೆ, ಕ್ಷಣಕಾಲ. ನಮ್ಮ ಭಾಗದ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿಯೂ ರಂಗದ ಮೇಲೆ ದ್ವಾರಕೆಯ ಅರಮನೆ ಇರುತ್ತಿರಲಿಲ್ಲ. ಕೌಜಲಗಿಯ ನಿಂಗಮ್ಮನಂತಹ ಕಲಾವಿದರ ಹಾಡು ಮಾತುಗಳೇ ಅರಮನೆಯನ್ನು ಕಟ್ಟುತ್ತಿದ್ದವು. ಉಳಿದುದನ್ನು ಪ್ರೇಕ್ಷಕರು ಬೆಳಗಿನವರೆಗೆ ಎಚ್ಚರವಿದ್ದು ತಾವೇ ತುಂಬಿಕೊಳ್ಳುತ್ತಿದ್ದರು. ಆದುದರಿಂದ ಕಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಭೇದವಿರುವುದು ಗುಡಿ ಮತ್ತು ಚಿತ್ರಮಂದಿರಗಳ ನಡುವೆ ಮಾತ್ರವಲ್ಲ, ನಿಮಗಾಗಿ ಸ್ಥಳವನ್ನು ಬಿಟ್ಟ ನೋಟಕ್ಕೂ ಬಿಡದ ನೋಟಕ್ಕೂ ಇದೆ. ಭಾನುವಾರ ಸ್ನಾನ ಮಾಡಿ ಕಾದು ಕುಳಿತವರು ಮುಂದಿನ ಕಂತಿಗಾಗಿ ಒಂದು ವಾರವನ್ನು ಕಥೆಯೊಡನೆ ಕಳೆದರು. ಹಾಸಿಗೆಯಲ್ಲಿ ಹೊರಳುತ್ತ ಮೊಬೈಲಿನಲ್ಲಿ ಒಂದರ ಮೇಲೊಂದನ್ನು ಬೆರಳಿನಿಂದ ಸರಿಸುವವನಿಗೆ ಕಳೆಯಲು ಅಂತಹ ವಾರವಿಲ್ಲ. ಸರಿಸುತ್ತಿರುವುದು ಅಭಿಷೇಕದ ದೃಶ್ಯವೇ ಆಗಿದ್ದರೂ ಇದು ಸತ್ಯ.

ಈಗ ಅನೇಕ ಮಠ ಮಂದಿರಗಳ ಪೂಜೆಯು ನೇರಪ್ರಸಾರದಲ್ಲಿ ಮನೆಗೇ ಬರುತ್ತಿದೆ. ಹಾಸಿಗೆ ಹಿಡಿದ ವೃದ್ಧರಿಗೂ ದೂರದೇಶದಲ್ಲಿರುವ ಮಕ್ಕಳಿಗೂ ಅದರಿಂದ ಆದ ಉಪಕಾರವನ್ನು ಅಲ್ಲಗಳೆಯುವುದು ನಿಷ್ಠುರತೆ. 2020 ಮತ್ತು 2021ರಲ್ಲಿ ಸಾಂಕ್ರಾಮಿಕದ ಕಾರಣ ಪಂಢರಪುರದ ಪಾದಯಾತ್ರೆಯೇ ನಿಂತು, ಪಾದುಕೆಗಳನ್ನು ಹೂವಿನಿಂದ ಅಲಂಕರಿಸಿದ ಸಾರಿಗೆ ಬಸ್ಸಿನಲ್ಲಿ ಕೊಂಡೊಯ್ದರು. ಆ ದೃಶ್ಯವನ್ನು ಅಸಂಖ್ಯ ಜನರು ದೂರದರ್ಶನದಲ್ಲಿ, ಮೊಬೈಲಿನಲ್ಲಿ ನೋಡಿದರು. ವರ್ಷವರ್ಷವೂ ದಿಂಡಿಯಲ್ಲಿ ನಡೆದು, ಕಾಲಿಗೆ ಬೊಬ್ಬೆ ಎದ್ದು, ರಿಂಗಣದ ಧೂಳನ್ನು ಹಣೆಗೆ ಹಚ್ಚಿಕೊಂಡಿದ್ದವರು ಆ ಬಸ್ಸಿನ ಗಾಜಿನ ಹಿಂದೆ ಮಾವುಲಿಯನ್ನು ಕಂಡು ಕೈಮುಗಿದರು. ಒಮ್ಮೆಯೂ ನಡೆಯದವರಿಗೆ ಅದೇ ಚಿತ್ರದಲ್ಲಿ ಕಂಡದ್ದು ಒಂದು ಬಸ್ಸು.